ಮನೆಯ ಮೊಲ ಕಚ್ಚಿದೆ, ಮಗುವಿಗೆ ಇಂಜೆಕ್ಷನ್ ಬೇಕಾ?

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ವರ್ಷ. ಅವಳ ಹಟಕ್ಕೆ ಎಂಟು ತಿಂಗಳ ಹಿಂದೆ ಎರಡು ಬಿಳಿ ಮೊಲ ತಂದೆವು. ನಮ್ಮದು ಮೂರನೇ ಮಹಡಿಯ ಮನೆ, ಬಾಲ್ಕನಿಯಲ್ಲಿ ಗೂಡು ಇಟ್ಟಿದ್ದೇವೆ. ನಿನ್ನೆ ಸಂಜೆ ಕ್ಯಾರೆಟ್ ತಿನ್ನಿಸುವಾಗ ಒಂದು ಮೊಲ ಅವಳ ತೋರುಬೆರಳು ಕಚ್ಚಿತು. ರಕ್ತ ಬಂತು. ನಮ್ಮ ಅತ್ತೆ ತಕ್ಷಣ ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ಪಕ್ಕದ ಮನೆಯವರು ನಾಯಿ ಕಚ್ಚಿದಾಗ ಕೊಡುವ ಐದು ಇಂಜೆಕ್ಷನ್ ಕೊಡಿಸಲೇಬೇಕು ಅಂತಾರೆ. ಮೆಡಿಕಲ್ ಶಾಪಿನವರು ಒಂದು ಟಿಟಿ ಸಾಕು ಅಂದರು. ನಮ್ಮ ಯಜಮಾನರು ಏನೂ ಬೇಡ ಅನ್ನುತ್ತಾರೆ. ರಾತ್ರಿಯೆಲ್ಲ ನಿದ್ದೆ ಬಂದಿಲ್ಲ ಡಾಕ್ಟ್ರೇ. ಯಾರ ಮಾತು ಕೇಳಲಿ? ಮೊಲಗಳನ್ನು ಯಾರಿಗಾದರೂ ಕೊಟ್ಟುಬಿಡಬೇಕಾ?

ಉತ್ತರ: ನಿಮ್ಮ ಪತ್ರ ಓದಿದ ಕೂಡಲೇ ಮುಖ್ಯವಾದ ಮಾತನ್ನು ಫೋನಿನಲ್ಲೇ ಹೇಳಿದ್ದೇನೆ. ಇಂಥ ಪ್ರಶ್ನೆ ಬೇರೆ ಮನೆಗಳಲ್ಲೂ ಇರುತ್ತದೆ, ಅಲ್ವಾ? ಅದಕ್ಕೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನೀವು ಹೇಳಿದ ಮಟ್ಟಿಗೆ ನಿಮ್ಮ ಮಗಳಿಗೆ ರೇಬಿಸ್ ಲಸಿಕೆ ಬೇಕಾಗಿಲ್ಲ. ಐದು ತುಂಬಿದ ಮೇಲೆ ಹಾಕಿಸುವ ಡಿಪಿಟಿ ಬೂಸ್ಟರ್ ಆಗಿದೆ ಎಂದು ಫೋನಿನಲ್ಲಿ ಹೇಳಿದಿರಿ. ಧನುರ್ವಾಯು ಲಸಿಕೆ ಅದರಲ್ಲೇ ಇದೆ, ಹಾಗಾಗಿ ಟಿಟಿಯೂ ಬೇಡ. ಆದರೆ ನಿಮ್ಮ ಯಜಮಾನರು ಹೇಳಿದಂತೆ "ಏನೂ ಬೇಡ" ಎಂದು ಕೂರುವ ಹಾಗೂ ಇಲ್ಲ. ಆ ಬೆರಳನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು, ಒಬ್ಬ ಡಾಕ್ಟರ್ ಅದನ್ನು ಕಣ್ಣಾರೆ ನೋಡಬೇಕು, ಎರಡು ಮೂರು ದಿನ ನೀವು ಅದರ ಮೇಲೆ ಕಣ್ಣಿಟ್ಟಿರಬೇಕು. ಮೊಲದ ಕಡಿತದಲ್ಲಿ ಮಕ್ಕಳಿಗೆ ನಿಜವಾಗಿ ತೊಂದರೆ ಕೊಡುವುದು ಗಾಯದ ಸೋಂಕು, ರೇಬಿಸ್ ಅಲ್ಲ.

ರೇಬಿಸ್ ಭಯ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಆ ಕಾಯಿಲೆಗೆ ಮದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಅದರಿಂದ ಸಾಯುತ್ತಾರೆ. ನಮ್ಮ ದೇಶದಲ್ಲಿ ಅದು ಇವತ್ತಿಗೂ ಇದೆ. ಹಾಗಾಗಿ ಪ್ರಾಣಿ ಕಚ್ಚಿತು ಅಂದ ಕೂಡಲೇ ತಾಯಿಯ ಎದೆ ಝಲ್ ಅನ್ನುವುದು ಸಹಜ. ಹಾಗೆ ಅನ್ನಿಸುವುದೇ ಒಳ್ಳೆಯದು. ಪ್ರತಿ ಪ್ರಾಣಿಗೂ ಅಷ್ಟೇ ಹೆದರಬೇಕಾ ಎಂಬುದು ಮಾತ್ರ ಬೇರೆ ಪ್ರಶ್ನೆ.

ರೇಬಿಸ್ ವೈರಸ್ ಗಾಳಿಯಲ್ಲಿ ಬರುವುದಿಲ್ಲ. ಮೊಲದ ಮೈಯಲ್ಲಿ ತಾನಾಗಿ ಹುಟ್ಟುವುದೂ ಇಲ್ಲ. ರೋಗ ಇರುವ ಪ್ರಾಣಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಆ ಪ್ರಾಣಿ ಕಚ್ಚಿದಾಗ ಜೊಲ್ಲಿನ ಜೊತೆ ಗಾಯದೊಳಗೆ ಇಳಿಯುತ್ತದೆ. ಅಲ್ಲಿಂದ ನರಗಳ ಹಾದಿ ಹಿಡಿದು ನಿಧಾನಕ್ಕೆ ಮೆದುಳಿಗೆ ಏರುತ್ತದೆ. ಮೆದುಳಿನಿಂದ ಮತ್ತೆ ಕೆಳಗಿಳಿದು ಜೊಲ್ಲಿನ ಗ್ರಂಥಿಗೆ ಬರುತ್ತದೆ. ಆಮೇಲೆ ಮಾತ್ರ ಆ ಪ್ರಾಣಿ ಇನ್ನೊಬ್ಬರಿಗೆ ರೋಗ ದಾಟಿಸಬಲ್ಲದು.

ಈಗ ನಿಮ್ಮ ಬಾಲ್ಕನಿಯ ಮೊಲವನ್ನೇ ತಗೊಳ್ಳಿ. ಅದು ನಿಮ್ಮ ಮಗಳಿಗೆ ರೇಬಿಸ್ ಕೊಡಬೇಕಾದರೆ ಮೊದಲು ಹುಚ್ಚು ಹಿಡಿದ ನಾಯಿಯೋ ಬೆಕ್ಕೋ ಮುಂಗುಸಿಯೋ ಅದನ್ನು ಕಚ್ಚಿರಬೇಕು. ಕಚ್ಚಿಸಿಕೊಂಡೂ ಅದು ಬದುಕಿರಬೇಕು. ಮೊಲ ಎಷ್ಟು ಪುಟ್ಟ ಜೀವ ನೋಡಿ. ನಾಯಿಯ ಬಾಯಿಗೆ ಸಿಕ್ಕ ಮೊಲ ಸಾಮಾನ್ಯವಾಗಿ ಅಲ್ಲೇ ಸಾಯುತ್ತದೆ. ಬದುಕಿದರೂ ವೈರಸ್ ಅದರ ಮೆದುಳಿಗೆ ಹೋಗಿ ಜೊಲ್ಲಿಗೆ ಬರುವವರೆಗೆ ಅದು ಓಡಾಡಿಕೊಂಡಿರಬೇಕು. ಆಮೇಲೆ ಮಗುವನ್ನು ಕಚ್ಚಬೇಕು. ಇಷ್ಟೆಲ್ಲ ಒಟ್ಟಿಗೆ ಕೂಡಿಬರುವುದು ತೀರಾ ಅಪರೂಪ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಎಂಟು ತಿಂಗಳಿಂದ ಇರುವ ಮೊಲಕ್ಕೆ ಇದರಲ್ಲಿ ಮೊದಲ ಹೆಜ್ಜೆಯೇ ಆಗಿಲ್ಲ.

ಇದು ನನ್ನೊಬ್ಬನ ಅಭಿಪ್ರಾಯ ಅಲ್ಲ. ಮನೆಯ ಇಲಿ, ಅಳಿಲು, ಮೊಲ ಇವುಗಳ ಕಡಿತಕ್ಕೆ ರೇಬಿಸ್ ಲಸಿಕೆ ಬೇಕಾಗುವುದು ಅಪರೂಪ ಎಂದು ನಮ್ಮ ದೇಶದ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವೂ ಇದನ್ನೇ ಹೇಳುತ್ತದೆ. ಮೊಲಗಳಲ್ಲಿ ರೇಬಿಸ್ ಸಿಗುವುದೇ ಬಲು ಕಡಿಮೆ, ಅವುಗಳಿಂದ ಮನುಷ್ಯರಿಗೆ ಹರಡಿದ್ದು ಗೊತ್ತಿಲ್ಲ ಎನ್ನುವುದು ಅವರ ಮಾತು.

ಹಾಗಂತ ಮೊಲಕ್ಕೆ ರೇಬಿಸ್ ಬರುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ತಪ್ಪು. ಬರುತ್ತದೆ. ಲೂಯಿ ಪಾಶ್ಚರ್ ರೇಬಿಸ್ ಲಸಿಕೆ ತಯಾರಿಸಿದ್ದೇ ಮೊಲಗಳಿಂದ. ಅವರು ಮೊಲಗಳಿಗೆ ರೇಬಿಸ್ ಬರಿಸಿ, ಸತ್ತ ಮೊಲದ ಬೆನ್ನುಹುರಿಯನ್ನು ಗಾಜಿನ ಸೀಸೆಯಲ್ಲಿ ತೂಗುಹಾಕಿ ಒಣಗಿಸುತ್ತಿದ್ದರು. ಒಣಗಿದಷ್ಟೂ ಅದರಲ್ಲಿನ ವೈರಸ್ಸಿನ ಕಸುವು ಕುಗ್ಗುತ್ತಿತ್ತು. 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಆ ಮದ್ದನ್ನು ಚುಚ್ಚಿಸಲು ಶುರು ಮಾಡಿದರು. ಎರಡು ದಿನದ ಹಿಂದೆ ಅವನನ್ನು ಹುಚ್ಚುನಾಯಿ ಕಚ್ಚಿತ್ತು. ಹುಡುಗ ಬದುಕಿದ. ಲಕ್ಷಾಂತರ ಮಕ್ಕಳು ಇವತ್ತು ನಾಯಿ ಕಡಿತದಿಂದ ಉಳಿದಿದ್ದರೆ ಅದರ ಹಿಂದೆ ಆ ಮೊಲಗಳೂ ಇವೆ. ಇದನ್ನು ನಿಮ್ಮ ಮಗಳಿಗೆ ಹೇಳಿ, ಖಂಡಿತ ಇಷ್ಟಪಡುತ್ತಾಳೆ. ಪ್ರಯೋಗಾಲಯದ ಹೊರಗೂ ಒಮ್ಮೊಮ್ಮೆ ಮೊಲಕ್ಕೆ ರೇಬಿಸ್ ತಗುಲಿದೆ. ಅಮೆರಿಕದಲ್ಲಿ ಅಂಗಳದ ಗೂಡಿನಲ್ಲಿ ಸಾಕಿದ ಮೊಲಗಳಿಗೆ ರಕೂನ್ ಎಂಬ ಕಾಡುಪ್ರಾಣಿಯಿಂದ ರೋಗ ಬಂದದ್ದಿದೆ.

ಆದ್ದರಿಂದ ಮೊಲ ಕಚ್ಚಿದ ಮಗುವನ್ನು ಕರೆತಂದಾಗ ನಾನು ಮೊದಲು ಮೊಲದ ಬಗ್ಗೆಯೇ ಕೇಳುತ್ತೇನೆ. ಎಲ್ಲಿ ಸಾಕಿದ್ದೀರಿ? ನೆಲದ ಮೇಲೆ, ಹಿತ್ತಲಲ್ಲಿ ಓಡಾಡುತ್ತದಾ? ರಾತ್ರಿ ಎಲ್ಲಿರುತ್ತದೆ? ಈಚೆಗೆ ಅದರ ಮೈಮೇಲೆ ಗಾಯ ಇತ್ತಾ? ನಾಯಿ, ಬೆಕ್ಕು, ಮುಂಗುಸಿ ಗೂಡಿನ ಹತ್ತಿರ ಬಂದಿತ್ತಾ? ಎಂದಿನಂತೆ ತಿನ್ನುತ್ತಿದೆಯಾ, ಕಾಲು ಎಳೆಯುತ್ತಿದೆಯಾ, ತಲೆ ವಾಲಿಸುತ್ತಿದೆಯಾ? ತಾನಾಗಿ ಮೇಲೆ ಬಿದ್ದು ಕಚ್ಚಿತಾ, ಅಥವಾ ಕೈಯಲ್ಲಿ ತಿಂಡಿ ಹಿಡಿದಿದ್ದಾಗ, ಎತ್ತಿಕೊಳ್ಳಲು ಹೋದಾಗ ಕಚ್ಚಿತಾ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ. ನೀವು ಹೇಳಿದ್ದರಲ್ಲಿ ಅನುಮಾನ ಪಡುವಂಥದ್ದು ಒಂದೂ ಇಲ್ಲ. ಮೊಲ ಕ್ಯಾರೆಟ್ ಕಚ್ಚಲು ಹೋಗಿದೆ, ಬೆರಳು ನಡುವೆ ಬಂದಿದೆ.

ಆದರೆ ಎಲ್ಲರಿಗೂ ಇದೇ ಉತ್ತರ ಕೊಡಲು ಆಗುವುದಿಲ್ಲ. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ಕರೆತಂದಿದ್ದರು. ಹಳ್ಳಿಯ ಮನೆ, ಹಿತ್ತಲಲ್ಲಿ ಮೊಲ. ಬೀದಿನಾಯಿ ಒಂದು ಗೂಡಿನ ಜಾಲರಿ ಹರಿದು ಮೊಲವನ್ನು ಕಚ್ಚಿ ಎಳೆಯುತ್ತಿತ್ತು. ಹುಡುಗ ಓಡಿಹೋಗಿ ಬಿಡಿಸಿಕೊಂಡಿದ್ದಾನೆ. ಆ ಗಾಬರಿಯಲ್ಲಿ ಮೊಲ ಅವನ ಕೈ ಕಚ್ಚಿದೆ, ಉಗುರಿನಿಂದ ತೋಳು ಪರಚಿದೆ. ಮನೆಯವರು "ಮೊಲ ಕಚ್ಚಿದ್ದು, ಏನೂ ಆಗಲ್ಲ ಅಲ್ವಾ ಡಾಕ್ಟ್ರೇ" ಅಂದರು. ನಾನು ರೇಬಿಸ್ ಲಸಿಕೆ ಕೊಡಿಸಿದೆ. ಏಕೆಂದರೆ ಆ ಹೊತ್ತಿನಲ್ಲಿ ಮೊಲದ ಮೈಮೇಲೆ ನಾಯಿಯ ಜೊಲ್ಲು ಹಸಿಯಾಗಿಯೇ ಇರುತ್ತದೆ. ಹುಡುಗನ ಕೈಯಲ್ಲಿ ಹಸಿ ಗಾಯ. ನಾಯಿ ಯಾರದ್ದು, ಎಲ್ಲಿ ಹೋಯಿತು, ಗೊತ್ತಿಲ್ಲ. ಅಲ್ಲಿ ನನಗೆ ಚಿಂತೆ ಇದ್ದದ್ದು ನಾಯಿಯದು, ಮೊಲದ್ದಲ್ಲ.

ಇದೇ ರೀತಿ ಇನ್ನೂ ಕೆಲವು ಸಂದರ್ಭಗಳಿವೆ. ಹೊಲದಲ್ಲೋ ಕಾಡಂಚಿನಲ್ಲೋ ಹಿಡಿದ ಕಾಡುಮೊಲ ಕಚ್ಚಿದ್ದರೆ ಅದರ ಹಿಂದಿನ ಕತೆ ನಮಗೆ ಗೊತ್ತಿರುವುದಿಲ್ಲ. ಅದನ್ನು ಹಿಡಿಯುವುದು ಕಾನೂನಿಗೂ ವಿರುದ್ಧ. ಸಾಕಿದ ಮೊಲವೇ ಆಗಲಿ, ಇದ್ದಕ್ಕಿದ್ದಂತೆ ಕಾಲು ಸ್ವಾಧೀನ ತಪ್ಪಿದ್ದರೆ, ವಿಚಿತ್ರವಾಗಿ ಆಡುತ್ತಿದ್ದರೆ, ಕಚ್ಚಿದ ಕೆಲವು ದಿನಗಳಲ್ಲಿ ಕಾರಣ ತಿಳಿಯದೆ ಸತ್ತಿದ್ದರೆ ಸುಮ್ನೆ ಕೂರಬೇಡಿ. ಡಾಕ್ಟರಿಗೆ ಹೇಳಿ, ಪಶುವೈದ್ಯರಿಗೂ ಹೇಳಿ. ಸತ್ತ ಮೊಲವನ್ನು ಅವಸರದಲ್ಲಿ ಹೂಳಬೇಡಿ. ಮೆದುಳು ಪರೀಕ್ಷೆಯಿಂದ ರೇಬಿಸ್ ಇತ್ತಾ ಇಲ್ಲವಾ ಎಂದು ಗೊತ್ತಾಗುತ್ತದೆ. ಅಂಥ ಪರೀಕ್ಷೆ ಬೇಕಾ, ಎಲ್ಲಿ ಮಾಡಿಸಬೇಕು ಎಂಬುದನ್ನು ಪಶುವೈದ್ಯರೇ ಹೇಳುತ್ತಾರೆ. ಅಲ್ಲಿಯವರೆಗೆ ಬರಿಗೈಯಲ್ಲಿ ಅದನ್ನು ಮುಟ್ಟಬೇಡಿ.

"ಹತ್ತು ದಿನ ಮೊಲವನ್ನು ನೋಡಿ, ಬದುಕಿದ್ದರೆ ಭಯವಿಲ್ಲ" ಅಂತ ಕೆಲವರು ಹೇಳುತ್ತಾರೆ. ಆ ಹತ್ತು ದಿನದ ಲೆಕ್ಕ ನಾಯಿ ಬೆಕ್ಕುಗಳಿಗೆ ಮಾಡಿದ್ದು. ರೋಗ ಇರುವ ನಾಯಿಯ ಜೊಲ್ಲಿನಲ್ಲಿ ವೈರಸ್ ಬಂದ ಮೇಲೆ ಅದು ಎಷ್ಟು ದಿನ ಬದುಕುತ್ತದೆ ಎಂದು ನೋಡಿ ಕಂಡುಕೊಂಡ ಲೆಕ್ಕ ಅದು. ಮೊಲಕ್ಕೆ ಅದನ್ನೇ ಹಾಕಲು ಬರುವುದಿಲ್ಲ. ಮೊಲ ಆರೋಗ್ಯವಾಗಿದೆಯಾ ಎಂದು ಗಮನಿಸುತ್ತಿರಿ, ತಪ್ಪೇನಿಲ್ಲ. ತೀರ್ಮಾನ ಮಾತ್ರ ಅದು ಬೆಳೆದ ಜಾಗ, ಅದಕ್ಕೆ ಆದ ಘಟನೆ ಇವುಗಳ ಮೇಲೆ ನಿಲ್ಲಬೇಕು.

ಇನ್ನು ಗಾಯದ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ತಪ್ಪಾಗುವುದು ಇಲ್ಲೇ.

ಮೊಲದ ಬಾಚಿಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಉಳಿಯಂತೆ ಚೂಪು. ಮೇಲಿನ ಸಾಲಿನಲ್ಲಿ ಎರಡು ದೊಡ್ಡ ಹಲ್ಲು, ಅವುಗಳ ಹಿಂದೆ ಇನ್ನೆರಡು ಪುಟ್ಟ ಹಲ್ಲು. ಅವು ಕಚ್ಚಿದ ಗಾಯ ಮೇಲಿನಿಂದ ಚಿಕ್ಕ ಗೀಟಿನಂತೆ ಕಾಣುತ್ತದೆ. ಒಳಗೆ ಆಳ ಇರುತ್ತದೆ. ಮಗುವಿನ ಬೆರಳಿನಲ್ಲಿ ಚರ್ಮಕ್ಕೂ ಮೂಳೆಗೂ ನಡುವೆ ಎಷ್ಟು ಮಾಂಸ ಇದೆ ಹೇಳಿ? ಗೆಣ್ಣಿನ ಮೇಲೆ ಕಚ್ಚಿದರೆ ಹಲ್ಲು ಕೀಲಿನವರೆಗೂ ಹೋಗಬಹುದು. ಮೇಲಿನ ಬಾಯಿ ಬೇಗ ಮುಚ್ಚಿಕೊಳ್ಳುತ್ತದೆ, ರೋಗಾಣು ಒಳಗೇ ಉಳಿಯುತ್ತದೆ.

ಮೊಲದ ಮೂಗು, ಬಾಯಿಯಲ್ಲಿ ಪಾಶ್ಚುರೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಹೆಸರು ಕೇಳಿ ಗೊತ್ತಾಯಿತಲ್ಲ, ಅದೇ ಪಾಶ್ಚರ್ ಅವರ ಹೆಸರನ್ನೇ ಇದಕ್ಕೂ ಇಟ್ಟಿದ್ದಾರೆ. ಮೊಲಕ್ಕೆ ಪದೇ ಪದೇ ಸೀನು ಬರುವುದು, ಮೂಗು ಸೋರುವುದು, ಮುಂಗಾಲಿನ ಕೂದಲು ಒದ್ದೆಯಾಗಿ ಅಂಟಿಕೊಂಡಿರುವುದು ಕಂಡರೆ ಹಲವು ಸಲ ಇದೇ ಕಾರಣ. ಈ ರೋಗಾಣು ಮನುಷ್ಯನ ಗಾಯಕ್ಕೆ ಇಳಿದರೆ ತುಂಬಾ ಬೇಗ ಕೆಲಸ ಶುರು ಮಾಡುತ್ತದೆ. ಹಲವು ಸಲ ಒಂದು ದಿನ ಕಳೆಯುವುದರೊಳಗೇ ಗಾಯದ ಸುತ್ತ ಕೆಂಪಾಗಿ, ಊದಿಕೊಂಡು, ಮುಟ್ಟಿದರೆ ಚೀರುವಷ್ಟು ನೋವು ಬರುತ್ತದೆ. ಇದರ ಜೊತೆಗೆ ನಮ್ಮ ಚರ್ಮದ ಮೇಲೆಯೇ ಇರುವ ಬೇರೆ ರೋಗಾಣುಗಳೂ ಸೇರಿಕೊಳ್ಳಬಹುದು.

ನಾನು ಮರೆಯದ ಒಂದು ಮಗು ಇದೆ. ಐದು ವರ್ಷದ ಹುಡುಗಿ, ಮೊಲ ಕಚ್ಚಿತ್ತು. ಮನೆಯವರು ರೇಬಿಸ್ ಭಯಕ್ಕೆ ಆ ರಾತ್ರಿಯೇ ಊರೂರು ಅಲೆದು ಲಸಿಕೆ ಹುಡುಕಿ ಹಾಕಿಸಿದ್ದರು. ಮಾರನೇ ದಿನ ಬೆಳಗ್ಗೆ ಊರಿಗೆ ಮರಳಿ, ಗಂಡಾಂತರ ಕಳೆಯಿತು ಎಂದು ನೆಮ್ಮದಿಯಾಗಿದ್ದರು. ಅಷ್ಟೆಲ್ಲ ಓಡಾಟದಲ್ಲಿ ಗಾಯವನ್ನು ಯಾರೂ ನೀರಿನಲ್ಲಿ ತೊಳೆದಿರಲಿಲ್ಲ. ಮೇಲೆ ಹಾಕಿದ್ದ ಕಾಫಿ ಪುಡಿ ಒಣಗಿ ಗಟ್ಟಿಯಾಗಿ ಅಂಟಿಕೊಂಡಿತ್ತು. ಮೂರನೇ ದಿನ ನನ್ನ ಹತ್ತಿರ ಬಂದಾಗ ಬೆರಳು ಬಾಳೆಹಣ್ಣಿನ ಹಾಗೆ ಊದಿತ್ತು. ಕಾಫಿ ಪುಡಿಯ ಕೆಳಗೆ ಕೀವು. ಆಸ್ಪತ್ರೆಗೆ ಸೇರಿಸಿ, ಕೀವು ತೆಗೆಸಿ, ರಕ್ತನಾಳಕ್ಕೆ ಇಂಜೆಕ್ಷನ್ ಕೊಟ್ಟು ಗುಣಪಡಿಸಬೇಕಾಯಿತು. ಮಗು ಚೆನ್ನಾಗಾದಳು. ಆದರೆ ನಲ್ಲಿ ನೀರು ಮತ್ತು ಒಂದು ಸೋಪಿನಿಂದ ಆ ನೋವಿನಲ್ಲಿ ಬಹುಪಾಲು ತಪ್ಪುತ್ತಿತ್ತು. ಆ ತಾಯಿ ಅಳುತ್ತಿದ್ದದ್ದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಅವರಿಗೆ ಪ್ರೀತಿ ಕಡಿಮೆ ಇರಲಿಲ್ಲ. ಮೊದಲು ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಹಾಗಾಗಿ ಯಾವ ಪ್ರಾಣಿ ಕಚ್ಚಿದರೂ ಮೊದಲ ಕೆಲಸ ತೊಳೆಯುವುದು. ಹರಿಯುವ ನೀರಿನ ಕೆಳಗೆ ಕೈ ಹಿಡಿಸಿ, ಸೋಪು ಹಚ್ಚಿ, ಗಡಿಯಾರ ನೋಡಿಕೊಂಡು 15 ನಿಮಿಷ. ಇದು ಕೇಳಲು ಸುಲಭ, ಮಾಡಲು ಕಷ್ಟ. ಮಗು ಅಳುತ್ತದೆ, ನಿಮಗೂ ಎರಡು ನಿಮಿಷಕ್ಕೇ ಸಾಕು ಅನ್ನಿಸುತ್ತದೆ. ಕತೆ ಹೇಳಿ, ಹಾಡು ಹಾಕಿ, ಹೇಗಾದರೂ ಮುಗಿಸಿ. ಗಾಯವನ್ನು ಒರಟಾಗಿ ಉಜ್ಜಬೇಡಿ. ಸ್ವಲ್ಪ ರಕ್ತ ಹರಿದರೆ ಹರಿಯಲಿ. ಆಮೇಲೆ ಶುದ್ಧ ಬಟ್ಟೆಯಲ್ಲಿ ಒತ್ತಿ ನಿಲ್ಲಿಸಿ. ಪೊವಿಡೋನ್ ಅಯೋಡಿನ್ ಇದ್ದರೆ ಹಚ್ಚಿ, ಅದನ್ನೇ ಅಂಗಡಿಯಲ್ಲಿ ಬೆಟಾಡಿನ್ ಅಂತ ಕೇಳುತ್ತೇವಲ್ಲ, ಅದು. ಅರಿಶಿನ, ಸುಣ್ಣ, ಕಾಫಿ ಪುಡಿ, ಖಾರದ ಪುಡಿ, ಎಣ್ಣೆ ಯಾವುದೂ ಬೇಡ. ನಿಮ್ಮ ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವರು ಮೊಮ್ಮಗಳ ಮೇಲಿನ ಪ್ರೀತಿಯಿಂದ, ತಮಗೆ ಗೊತ್ತಿದ್ದದ್ದನ್ನು ಮಾಡಿದ್ದಾರೆ. ಅಡುಗೆಮನೆಯ ಅರಿಶಿನ ಡಬ್ಬಿಗೆ ಎಷ್ಟು ಕೈ ಬಿದ್ದಿರುತ್ತದೆ ಎಂದು ಮಾತ್ರ ಅವರಿಗೆ ಮೆಲ್ಲಗೆ ಹೇಳಿ. ಪುಡಿ ಗಾಯದೊಳಗೆ ಕೂತರೆ ಕೊಳೆ ಒಳಗೇ ಉಳಿಯುತ್ತದೆ, ಡಾಕ್ಟರಿಗೆ ಗಾಯದ ಆಳವೂ ಕಾಣುವುದಿಲ್ಲ.

ತೊಳೆಯಲು ತಡವಾಗಿದ್ದರೂ ತೊಳೆಯಿರಿ. ನಿಮಗೆ ಫೋನಿನಲ್ಲಿ ಇದನ್ನೇ ಹೇಳಿದ್ದು. ಮಾರನೇ ದಿನವಾದರೂ ಅರಿಶಿನವನ್ನು ನೆನೆಸಿ ಬಿಡಿಸಿ ಸೋಪಿನಲ್ಲಿ ತೊಳೆಯುವುದರಿಂದ ಲಾಭವೇ.

ಆಮೇಲೆ ಡಾಕ್ಟರ್ ಏಕೆ ನೋಡಬೇಕು? ಬೆರಳು ಪೂರ್ತಿ ಮಡಚಲು, ಚಾಚಲು ಬರುತ್ತದಾ, ತುದಿಯಲ್ಲಿ ಸ್ಪರ್ಶ ಗೊತ್ತಾಗುತ್ತದಾ, ಹಲ್ಲು ಕೀಲಿಗೆ ತಾಗಿದೆಯಾ ಎಂದು ನೋಡಬೇಕು. ಕೈಯ ಮೇಲಿನ ಆಳವಾದ ಕಡಿತಕ್ಕೆ ಸೋಂಕು ಬರುವ ಮೊದಲೇ ಮೂರರಿಂದ ಐದು ದಿನ ಆಂಟಿಬಯೋಟಿಕ್ ಕೊಡುವುದುಂಟು. ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿದ ಔಷಧಿ ಸಾಮಾನ್ಯವಾಗಿ ಮೊದಲ ಆಯ್ಕೆ. ಮಗುವಿನ ತೂಕ ನೋಡಿ ಪ್ರಮಾಣ ಹೇಳಬೇಕು. ಪೆನ್ಸಿಲಿನ್ ಅಲರ್ಜಿ ಇದ್ದರೆ ಮೊದಲೇ ಹೇಳಿ. ಹೋದ ಸಲ ಗಂಟಲು ನೋವಿಗೆ ಕೊಟ್ಟು ಉಳಿದ ಸಿರಪ್ ಇದೆಯಲ್ಲ ಎಂದು ಅದನ್ನೇ ಕುಡಿಸಬೇಡಿ. ಸೆಫಲೆಕ್ಸಿನ್, ಎರಿತ್ರೋಮೈಸಿನ್ ಮುಂತಾದವು ಪಾಶ್ಚುರೆಲ್ಲಾ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಔಷಧಿ ಕೊಟ್ಟಿದ್ದೇವೆ ಎಂಬ ಧೈರ್ಯದಲ್ಲಿ ನೀವಿರುತ್ತೀರಿ, ಒಳಗೆ ಸೋಂಕು ಬೆಳೆಯುತ್ತಿರುತ್ತದೆ. ಬರೀ ಮೇಲ್ಚರ್ಮ ಸುಲಿದಂಥ ಚಿಕ್ಕ ಗಾಯಕ್ಕೆ ಆಂಟಿಬಯೋಟಿಕ್ ಬೇಕಾಗುವುದೇ ಇಲ್ಲ. ಅದನ್ನೂ ನೋಡಿದವರೇ ಹೇಳಬೇಕು.

ಮನೆಗೆ ಬಂದ ಮೇಲೆ ಬೆಳಗ್ಗೆ, ಸಂಜೆ ಒಮ್ಮೊಮ್ಮೆ ಬೆರಳು ನೋಡಿ. ಕೆಂಪಾದ ಜಾಗದ ಅಂಚಿಗೆ ಪೆನ್ನಿನಲ್ಲಿ ಒಂದು ಗೆರೆ ಎಳೆದಿಡಿ. ಕೆಂಪು ಆ ಗೆರೆ ದಾಟಿದರೆ, ಊತ ಹೆಚ್ಚಾದರೆ, ಕೀವು ಬಂದರೆ, ಬೆರಳು ಮಡಚಲು ಮಗು ಒಪ್ಪದಿದ್ದರೆ, ಕೈಮೇಲೆ ಕೆಂಪು ಗೀಟು ಏರಿದರೆ, ಕಂಕುಳಲ್ಲಿ ಗಡ್ಡೆ ಕಂಡರೆ, ಜ್ವರ ಬಂದರೆ ಅದೇ ದಿನ ಹೋಗಿ. ನಾಳೆ ನೋಡೋಣ ಅನ್ನಬೇಡಿ. ಒಂದು ವರ್ಷದೊಳಗಿನ ಕೂಸು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು, ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತಿರುವ ಮಗು, ಗುಲ್ಮ (ಸ್ಪ್ಲೀನ್) ತೆಗೆಸಿರುವ ಮಗು ಇದ್ದರೆ ಚಿಕ್ಕ ಕಡಿತವಾದರೂ ತಕ್ಷಣ ತೋರಿಸಿ.

ಈಗ ಟಿಟಿ. ಮೆಡಿಕಲ್ ಶಾಪಿನವರು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಪ್ರಾಣಿ ಕಡಿತದ ಗಾಯದಿಂದ ಧನುರ್ವಾಯು ಬರಬಹುದು, ಆದ್ದರಿಂದ ಆ ಲಸಿಕೆಯ ಲೆಕ್ಕ ನೋಡಲೇಬೇಕು. ಆದರೆ ಪ್ರತಿ ಗಾಯಕ್ಕೂ ಒಂದು ಟಿಟಿ ಅನ್ನುವ ಅಭ್ಯಾಸ ಸರಿಯಲ್ಲ. ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್ ಹಾಕಿರುತ್ತಾರೆ, ಅದರಲ್ಲಿ ಧನುರ್ವಾಯು ಲಸಿಕೆಯೂ ಇದೆ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಡಿಪಿಟಿ ಬೂಸ್ಟರ್, ಐದರಿಂದ ಆರು ವರ್ಷದೊಳಗೆ ಎರಡನೆಯದು. ಆಮೇಲೆ ಹತ್ತು ಮತ್ತು ಹದಿನಾರನೇ ವರ್ಷಕ್ಕೆ ಟಿಡಿ, ಅಂದರೆ ಧನುರ್ವಾಯು ಮತ್ತು ಗಂಟಲುಮಾರಿಯ ಲಸಿಕೆ. ಕಡಿತದಂಥ ಕೊಳೆ ಗಾಯವಾದಾಗ ಕೊನೆಯ ಡೋಸ್ ಆಗಿ ಐದು ವರ್ಷ ಕಳೆದಿದ್ದರೆ ಒಂದು ಡೋಸ್ ಕೊಡುತ್ತೇವೆ. ನಿಮ್ಮ ಮಗಳಿಗೆ ಆಗಿ ಒಂದೂವರೆ ವರ್ಷವೂ ಆಗಿಲ್ಲ. ಡೋಸ್ ತಪ್ಪಿಹೋಗಿದ್ದರೆ, ಕಾರ್ಡೇ ಕಳೆದುಹೋಗಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ವಯಸ್ಸಿಗೆ ತಕ್ಕಂತೆ ಕೊಡುತ್ತಾರೆ. ನಿಮ್ಮೂರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿದರೆ ಹಳೆಯ ದಾಖಲೆ ಸಿಗಬಹುದು.

ಇಷ್ಟು ಓದಿದ ಮೇಲೆ ಯಾರಾದರೂ "ಮೊಲಕ್ಕೆ ಬೇಡ ಅಂದರಲ್ಲ, ನಮ್ಮ ಮನೆ ಬೆಕ್ಕು ಪರಚಿದ್ದಕ್ಕೂ ಬೇಡ" ಎಂದುಕೊಂಡರೆ ನಾನು ಬರೆದದ್ದೇ ಕೆಡುಕಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಾಯಿ, ಬೆಕ್ಕು, ಮಂಗ, ಮುಂಗುಸಿ, ನರಿ ಕಚ್ಚಿದರೆ ಅಥವಾ ಪರಚಿದರೆ ಅದು ಬೇರೆಯೇ ಲೆಕ್ಕ. ನಾಯಿಮರಿ ಆಡುತ್ತಾ ಹಲ್ಲು ತಾಗಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ ನೂರಕ್ಕೆ ತೊಂಬತ್ತೊಂಬತ್ತರಷ್ಟು ನಾಯಿಯಿಂದಲೇ ಬರುತ್ತದೆ. ರಕ್ತ ಬಾರದಿದ್ದರೂ ಚರ್ಮ ತರಚಿದ್ದರೆ ಲಸಿಕೆ ಬೇಕು. ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯದೊಳಗೇ ಇಮ್ಯುನೊಗ್ಲಾಬ್ಯುಲಿನ್ ಕೊಡಬೇಕು. ಲಸಿಕೆ ದೇಹಕ್ಕೆ ತಾನೇ ರಕ್ಷಣೆ ಬೆಳೆಸಿಕೊಳ್ಳಲು ಕಲಿಸುತ್ತದೆ, ಅದಕ್ಕೆ ಒಂದು ವಾರದ ಮೇಲೆ ಸಮಯ ಬೇಕು. ಅಲ್ಲಿಯವರೆಗೆ ವೈರಸ್ಸನ್ನು ಗಾಯದಲ್ಲೇ ತಡೆಯುವುದು ಇಮ್ಯುನೊಗ್ಲಾಬ್ಯುಲಿನ್. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಭಯಕ್ಕೆ ಇನ್ನೂ ಕೆಲವರು ಆಸ್ಪತ್ರೆಗೇ ಬರುವುದಿಲ್ಲ. ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೆಯ ಲಸಿಕೆ. ಭಾರತದಲ್ಲಿ 2004ರಲ್ಲೇ ಅದನ್ನು ನಿಲ್ಲಿಸಿದ್ದಾರೆ. ಈಗ ತೋಳಿಗೆ, ಪುಟ್ಟ ಮಕ್ಕಳಿಗಾದರೆ ತೊಡೆಗೆ ಕೊಡುತ್ತಾರೆ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಚರ್ಮದೊಳಗೆ ಕೊಡುವುದಾದರೆ 0, 3, 7, 28ನೇ ದಿನ, ಪ್ರತಿ ಸಲ ಎರಡು ಕಡೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದಕ್ಕೆ ಹಣ ಕೊಡಬೇಕಾಗಿಲ್ಲ.

ಯಾರಾದರೂ ಮೊಲ ಕಚ್ಚಿದ್ದಕ್ಕೆ ಈಗಾಗಲೇ ರೇಬಿಸ್ ಲಸಿಕೆ ಶುರು ಮಾಡಿದ್ದರೆ ಗಾಬರಿ ಬೇಡ. ಅದು ಸುರಕ್ಷಿತ ಲಸಿಕೆ. ಕೈ ನೋವು, ಸಣ್ಣ ಜ್ವರ ಬರಬಹುದು, ಅಷ್ಟೇ. ಕೊಟ್ಟ ಡಾಕ್ಟರನ್ನು ಬೈಯಬೇಡಿ. ಮೊಲದ ಪೂರ್ವಾಪರ ಗೊತ್ತಿಲ್ಲದಾಗ ಕೊಡುವುದೇ ಸರಿಯಾದ ನಿರ್ಧಾರ ಆಗಿರಬಹುದು. ಮುಂದುವರಿಸಬೇಕಾ, ನಿಲ್ಲಿಸಬಹುದಾ ಎಂದು ಅವರನ್ನೇ ಕೇಳಿ. ಕೋರ್ಸ್ ಪೂರ್ತಿ ಮಾಡಿದರೆ ಆ ಕಾಗದ ಜೋಪಾನ ಮಾಡಿ. ಮುಂದೆ ಎಂದಾದರೂ ನಾಯಿ ಕಚ್ಚಿದರೆ ಸಾಮಾನ್ಯವಾಗಿ ಎರಡೇ ಡೋಸ್ ಸಾಕಾಗುತ್ತದೆ, ಇಮ್ಯುನೊಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಕೊನೆಗೆ ನೀವು ಕೇಳಿದ ಮೊಲಗಳ ವಿಷಯ. ಕೊಟ್ಟುಬಿಡಬೇಕಾಗಿಲ್ಲ. ಮೊಲ ಬೇರೆ ಪ್ರಾಣಿಗಳಿಗೆ ಆಹಾರವಾಗುವ ಜೀವ, ಅದಕ್ಕೆ ಎಲ್ಲದಕ್ಕೂ ಹೆದರಿಕೆ. ಕಣ್ಣು ತಲೆಯ ಎರಡು ಪಕ್ಕದಲ್ಲಿ ಇರುವುದರಿಂದ ಮೂಗಿನ ನೇರ ಮುಂದೆ ಇರುವುದು ಅದಕ್ಕೆ ಸರಿಯಾಗಿ ಕಾಣುವುದಿಲ್ಲ. ಬೆರಳು ಯಾವುದು, ಕ್ಯಾರೆಟ್ ಯಾವುದು ಎಂದು ವಾಸನೆ, ಮೀಸೆ ಕೂದಲಿನಿಂದ ತಿಳಿಯುತ್ತದೆ. ಬೆರಳಿಗೇ ಕ್ಯಾರೆಟ್ ವಾಸನೆ ಇದ್ದರೆ ಅದು ಏನು ಮಾಡಬೇಕು ಪಾಪ? ತಿಂಡಿಯನ್ನು ಅಗಲವಾದ ತಟ್ಟೆಯಲ್ಲಿಟ್ಟು ಕೊಡಲು ಹೇಳಿಕೊಡಿ. ಅಂದ ಹಾಗೆ ಕ್ಯಾರೆಟ್ ಅದಕ್ಕೆ ಸಿಹಿತಿಂಡಿ ಇದ್ದಂತೆ, ಸ್ವಲ್ಪವೇ ಸಾಕು. ಹಲ್ಲು ಸವೆಯಲು ಹುಲ್ಲು ಬೇಕು. ಹಲ್ಲು ಉದ್ದವಾಗಿ ಬಾಯಿ ನೋಯುತ್ತಿದ್ದರೂ ಮೊಲ ಕಚ್ಚುತ್ತದೆ, ಒಮ್ಮೆ ಪಶುವೈದ್ಯರಿಗೆ ತೋರಿಸಿ. ಮಗಳು ನೆಲದ ಮೇಲೆ ಕೂತೇ ಮುಟ್ಟಲಿ, ನಿಂತು ಎತ್ತುವುದು ಬೇಡ. ಕಿವಿ ಹಿಡಿದು ಎತ್ತಲೇಬಾರದು. ಮಲಗಿರುವಾಗ, ತಿನ್ನುವಾಗ ಗೂಡಿನೊಳಗೆ ಕೈ ಹಾಕುವುದು ಬೇಡ. ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಲಿ. ಮೊಲದ ಕೂದಲು ಉದುರಿ ಬೋಳು ತೇಪೆ ಕಂಡರೆ, ಮಗಳ ಚರ್ಮದ ಮೇಲೆ ದುಂಡಗಿನ ಕೆಂಪು ಮಚ್ಚೆ ಬಂದರೆ ಅದು ಹುಳುಕಡ್ಡಿ ಇರಬಹುದು, ಇಬ್ಬರಿಗೂ ಚಿಕಿತ್ಸೆ ಬೇಕಾಗುತ್ತದೆ.

ಆ ಮೊಲವನ್ನು ಹೊಡೆಯಬೇಡಿ, ಮಗಳ ಎದುರು ಅದನ್ನು ಬೈಯಲೂ ಬೇಡಿ. ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಮಾತನ್ನು ಫೋನಿನಲ್ಲಿ ಹೇಳಿದಿರಿ. ಕಚ್ಚಿಸಿಕೊಂಡ ಮೇಲೆ ಅವಳು ಅಳುತ್ತಾ ಮೊದಲು ಕೇಳಿದ್ದು "ಅಮ್ಮಾ, ಮೊಲಕ್ಕೆ ನನ್ನ ಮೇಲೆ ಕೋಪನಾ?" ಅಂತ. ಕೋಪ ಅಲ್ಲ, ಅದಕ್ಕೆ ಬೆರಳು ಕಾಣಲಿಲ್ಲ ಎಂದು ಡಾಕ್ಟರ್ ಹೇಳಿದರು ಅಂತ ಹೇಳಿ. ಗಾಯ ಒಣಗಿದ ಮೇಲೆ ನೀವೂ ಪಕ್ಕದಲ್ಲಿ ಕೂತು, ತಟ್ಟೆಯಲ್ಲಿ ಸೊಪ್ಪಿಟ್ಟು ಅವಳ ಕೈಯಿಂದಲೇ ಕೊಡಿಸಿ.